ಕಂಪ್ಯೂಟರ್ ಎಂದರೆ ಯಾರು?

ಕಂಪ್ಯೂಟರ್ ಎಂದರೆ ಏನು ಎಂದು ಕೇಳಿದರೆ ನೀವು ಥಟ್ಟನೆ ಉತ್ತರ ಹೇಳುತ್ತೀರಿ. ಕಂಪ್ಯೂಟರ್ ಎಂದರೆ ಯಾರು ಎಂದು ಕೇಳಿದರೆ? ಪ್ರಶ್ನೆಯೇ ತಪ್ಪು ಎನಿಸಬಹುದು. ಆದರೆ ಇನ್ನೂರು ವರ್ಷಗಳ ಹಿಂದೆ ಇಂಗ್ಲೆಂಡಿನಲ್ಲಿ ಇದೇ ಸರಿಯಾದ ಪ್ರಶ್ನೆಯಾಗಿತ್ತು.

ಈ ಪದದ ಬೇರು ಲ್ಯಾಟಿನ್ನಿನ 'ಕಂಪ್ಯುಟಾರೆ'. 'ಕಾಮ್' ಎಂದರೆ ಒಟ್ಟಿಗೆ. 'ಪುಟಾರೆ' ಎಂದರೆ ಎಣಿಸುವುದು, ಲೆಕ್ಕ ಹಾಕುವುದು. 1613ರಲ್ಲಿ ರಿಚರ್ಡ್ ಬ್ರಾತ್‌ವೇಟ್ ಎಂಬ ಇಂಗ್ಲಿಷ್ ಲೇಖಕ 'ಕಂಪ್ಯೂಟರ್' ಎಂದು ಬರೆದಾಗ ಅವನ ಮನಸ್ಸಿನಲ್ಲಿದ್ದದ್ದು ಲೆಕ್ಕ ಹಾಕುವ ಮನುಷ್ಯ.

ಇಂಥ ಮನುಷ್ಯರಿಗೆ ಕೆಲಸವೂ ಬೇಕಾದಷ್ಟಿತ್ತು. ನಡುಗಡಲಿನಲ್ಲಿ ಹಡಗು ಯಾವ ರೇಖಾಂಶದಲ್ಲಿದೆ ಎಂದು ತಿಳಿಯಲು ನಾವಿಕರಿಗೆ ಚಂದ್ರನ ಸ್ಥಾನದ ಕೋಷ್ಟಕಗಳು ಬೇಕಾಗಿದ್ದವು. ಗ್ರೀನಿಚ್‌ನ ಖಗೋಳಜ್ಞ ನೆವಿಲ್ ಮ್ಯಾಸ್ಕೆಲಿನ್ 1767ರಿಂದ ಇಂಥ ನೌಕಾ ಪಂಚಾಂಗವನ್ನು ಹೊರತಂದರು. ಊರೂರುಗಳಲ್ಲಿದ್ದ 'ಕಂಪ್ಯೂಟರು'ಗಳು ಮನೆಯಲ್ಲೇ ಕುಳಿತು ಗುಣಿಸಿ, ಕಳೆದು, ಕೂಡಿಸುತ್ತಿದ್ದರು. ಒಂದೇ ಲೆಕ್ಕವನ್ನು ಇಬ್ಬರು ಬೇರೆ ಬೇರೆಯಾಗಿ ಮಾಡುತ್ತಿದ್ದರು. ಮೂರನೆಯವರು ಎರಡನ್ನೂ ತಾಳೆ ನೋಡುತ್ತಿದ್ದರು. ಏಕೆಂದರೆ ಲೆಕ್ಕ ತಪ್ಪಿದರೆ ಹಡಗು ದಾರಿ ತಪ್ಪುತ್ತಿತ್ತು.

ಮುಂದೆ ಅಮೆರಿಕದ ಹಾರ್ವರ್ಡ್ ವೀಕ್ಷಣಾಲಯದಲ್ಲಿ ಎಡ್ವರ್ಡ್ ಪಿಕರಿಂಗ್ ಈ ಕೆಲಸಕ್ಕೆ ಮಹಿಳೆಯರನ್ನು ನೇಮಿಸಿದರು. ಅವರಲ್ಲಿ ಒಬ್ಬರು ಹೆನ್ರಿಯೆಟಾ ಲೀವಿಟ್. ಸಂಬಳ ಗಂಟೆಗೆ 30 ಸೆಂಟ್. ಛಾಯಾಫಲಕಗಳ ಮೇಲಿನ ನಕ್ಷತ್ರಗಳನ್ನು ಅಳೆಯುತ್ತಾ, ಮಿನುಗುವ ಒಂದು ಬಗೆಯ ನಕ್ಷತ್ರದ ಅವಧಿ ದೀರ್ಘವಾದಷ್ಟೂ ಅದರ ಕಾಂತಿ ಹೆಚ್ಚು ಎಂಬ ನಿಯಮವನ್ನು ಅವರು ಕಂಡುಕೊಂಡರು. 1912ರಲ್ಲಿ ಅದು ಪ್ರಕಟವಾದದ್ದು ಪಿಕರಿಂಗ್ ಅವರ ಸಹಿಯಲ್ಲಿ. ಸಿದ್ಧಪಡಿಸಿದವರು ಲೀವಿಟ್ ಎಂಬ ಉಲ್ಲೇಖ ಮಾತ್ರ ಒಳಗಿತ್ತು. ಆಂಡ್ರೊಮಿಡಾ ನಮ್ಮ ಆಕಾಶಗಂಗೆಯ ಹೊರಗಿದೆ ಎಂದು ಎಡ್ವಿನ್ ಹಬಲ್ ತೋರಿಸಿದ್ದು ಇದೇ ನಿಯಮದ ಅಳತೆಗೋಲಿನಿಂದ.

ಎರಡನೇ ಮಹಾಯುದ್ಧದಲ್ಲಿ ಫಿರಂಗಿ ಗುಂಡಿನ ಪಥವನ್ನು ಲೆಕ್ಕ ಹಾಕುತ್ತಿದ್ದವರೂ ಮಹಿಳಾ ಕಂಪ್ಯೂಟರುಗಳೇ. ಆ ಕೆಲಸಕ್ಕಾಗಿ ಕಟ್ಟಿದ 'ಎನಿಯಾಕ್' ಯಂತ್ರ 1946ರಲ್ಲಿ ಲೋಕಕ್ಕೆ ಪರಿಚಯವಾಯಿತು. ಅದಕ್ಕೆ ಲೆಕ್ಕದ ಕ್ರಮವನ್ನು ಅಳವಡಿಸಿದ ಆರು ಮಂದಿ ಮಹಿಳೆಯರನ್ನು ಆರಿಸಿದ್ದೂ ಇವರ ನಡುವಿನಿಂದಲೇ. ಕೆಲಸ ಯಂತ್ರಕ್ಕೆ ಹೋಯಿತು. ಅದರ ಜೊತೆಗೆ ಹೆಸರೂ ಹೋಯಿತು. ಆ ಆರು ಮಂದಿಯನ್ನು ಜಗತ್ತು ಗುರುತಿಸಲು ದಶಕಗಳೇ ಬೇಕಾದವು.

ಆದರೂ ನಂಬಿಕೆ ಅಷ್ಟು ಬೇಗ ಕೈ ಬದಲಾಯಿಸಲಿಲ್ಲ. 1962ರಲ್ಲಿ ಭೂಮಿಯನ್ನು ಸುತ್ತಲು ಹೊರಟ ಜಾನ್ ಗ್ಲೆನ್, ಯಂತ್ರ ಕೊಟ್ಟ ಅಂಕಿಗಳನ್ನು ಕ್ಯಾಥರೀನ್ ಜಾನ್ಸನ್ ಪರೀಕ್ಷಿಸಲಿ ಎಂದು ಕೇಳಿಕೊಂಡರು. ಜಾನ್ಸನ್ 1953ರಲ್ಲಿ ಕೆಲಸಕ್ಕೆ ಸೇರಿದ್ದು 'ಕಂಪ್ಯೂಟರ್' ಆಗಿಯೇ.

ಈಗ ನಮ್ಮ ಮಾತನ್ನು ಗಮನಿಸಿ. 'ಗಣಕ' ಎಂದರೆ ಹಿಂದೆ ಎಣಿಸುವವನು, ಗ್ರಹಗತಿಯ ಲೆಕ್ಕ ಬಲ್ಲವನು. ಯಂತ್ರ ಬಂದಾಗ ನಾವು 'ಗಣಕಯಂತ್ರ' ಎಂದೆವು. ಕ್ರಮೇಣ 'ಯಂತ್ರ' ಉದುರಿ, ಬರೀ 'ಗಣಕ'ವೇ ಯಂತ್ರವಾಯಿತು. ಎರಡು ಭಾಷೆಗಳಲ್ಲೂ ಪದ ಒಂದೇ ದಾರಿ ಹಿಡಿಯಿತು. ಅದು ಹೊರಟದ್ದು ಮಾತ್ರ ಮನುಷ್ಯನ ತಲೆಯಿಂದ, ಕೈಬೆರಳಿನಿಂದ. ನಿಘಂಟು ತೆರೆದಾಗ ಆ ಹಳೆಯ ಅರ್ಥವನ್ನೂ ಒಮ್ಮೆ ಓದಿ.