ಮಿತವ್ಯಯದಲ್ಲಿ ಬೆಂಗಳೂರು ದರ್ಶನ: ಜಿಲ್ಲೆಗಳಿಂದ ಬರುವ ಕುಟುಂಬಗಳಿಗೆ ಮಾಹಿತಿ

ಪೀಠಿಕೆ

ರಾಜ್ಯದ ವಿವಿಧ ಜಿಲ್ಲೆಗಳಿಂದ ರಾಜಧಾನಿಯನ್ನು ನೋಡುವ ಉದ್ದೇಶದಿಂದ ಬರುವ ಕುಟುಂಬಗಳಲ್ಲಿ ಬಹುಪಾಲು ಸೀಮಿತ ಆದಾಯದವು. ಕೆಲವರಿಗೆ ಇದು ವರ್ಷಕ್ಕೊಮ್ಮೆ ಒದಗುವ ಅವಕಾಶವಾದರೆ, ಮನೆಯ ಹಿರಿಯರಿಗೆ ಜೀವಮಾನದಲ್ಲಿ ಒಮ್ಮೆ ಮಾತ್ರ ಒದಗುವಂಥದ್ದು. ಪೂರ್ವಯೋಜನೆಯಿಲ್ಲದೆ ಹೊರಟು, ಎರಡನೆಯ ದಿನವೇ ಕೈಯಲ್ಲಿದ್ದ ಹಣ ಮುಗಿದು, ನೋಡಬೇಕಾದುದನ್ನು ನೋಡದೆ ಹಿಂದಿರುಗುವ ಸಂದರ್ಭ ಯಾರಿಗೂ ಬರಬಾರದೆಂಬ ಆಶಯದಿಂದ ಈ ಮಾಹಿತಿಯನ್ನು ನೀಡಲಾಗಿದೆ.

ಬೆಂಗಳೂರಿನ ಪ್ರಮುಖ ಪ್ರೇಕ್ಷಣೀಯ ಸ್ಥಳಗಳ ಪ್ರವೇಶ ಶುಲ್ಕ ಅಲ್ಪವಾಗಿದ್ದು, ಕೆಲವು ಸ್ಥಳಗಳಿಗೆ ಶುಲ್ಕವೇ ಇಲ್ಲ. ಹಣ ಹೆಚ್ಚಾಗಿ ಖರ್ಚಾಗುವುದು ಒಂದು ಸ್ಥಳದಿಂದ ಇನ್ನೊಂದು ಸ್ಥಳಕ್ಕೆ ಹೋಗುವ ವಾಹನಗಳಿಗೆ ಹಾಗೂ ವಸತಿಗೆ. ಆದ್ದರಿಂದ ಸ್ಥಳಗಳನ್ನು ಹೆಸರಿನ ಆಧಾರದ ಮೇಲೆ ಆಯ್ಕೆ ಮಾಡದೆ, ಒಂದೇ ಮಾರ್ಗದಲ್ಲಿ ಬರುವ ಸ್ಥಳಗಳನ್ನು ಒಂದೇ ದಿನಕ್ಕೆ ಸೇರಿಸಿಕೊಳ್ಳುವುದು ಮಿತವ್ಯಯದ ಮೊದಲ ನಿಯಮವಾಗಿದೆ.

1. ದಿನಗಳ ಆಯ್ಕೆ

ಪ್ರವಾಸಕ್ಕೆ ಎರಡನೆಯ ಅಥವಾ ನಾಲ್ಕನೆಯ ಶನಿವಾರ ಹಾಗೂ ಅದರ ಮರುದಿನದ ಭಾನುವಾರ ಅನುಕೂಲಕರ. ವಿಧಾನಸೌಧದ ಒಳಭಾಗವನ್ನು ಮಾರ್ಗದರ್ಶಿಯೊಂದಿಗೆ ವೀಕ್ಷಿಸುವ ವ್ಯವಸ್ಥೆಯನ್ನು 2025ರ ಜೂನ್‌ನಲ್ಲಿ ಆರಂಭಿಸಿದಾಗ ಭಾನುವಾರಗಳು ಹಾಗೂ ಈ ಎರಡು ಶನಿವಾರಗಳನ್ನೇ ಅದಕ್ಕೆ ನಿಗದಿಪಡಿಸಲಾಯಿತು. ಸೋಮವಾರ ಜವಾಹರಲಾಲ್ ನೆಹರೂ ತಾರಾಲಯಕ್ಕೂ ಅರಮನೆ ರಸ್ತೆಯ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯಕ್ಕೂ ರಜೆ. ಮಂಗಳವಾರ ಬನ್ನೇರುಘಟ್ಟ ಜೈವಿಕ ಉದ್ಯಾನಕ್ಕೆ ರಜೆ. ಗಣರಾಜ್ಯೋತ್ಸವ ಹಾಗೂ ಸ್ವಾತಂತ್ರ್ಯ ದಿನಾಚರಣೆಯ ಸಮಯದಲ್ಲಿ ಲಾಲ್‌ಬಾಗ್‌ನಲ್ಲಿ ಫಲಪುಷ್ಪ ಪ್ರದರ್ಶನ ನಡೆಯುವುದರಿಂದ ಜನಸಂದಣಿ ಅಧಿಕವಾಗಿರುತ್ತದೆ. ಪ್ರದರ್ಶನವನ್ನು ನೋಡುವ ಉದ್ದೇಶವಿಲ್ಲದವರು ಆ ದಿನಗಳನ್ನು ಬಿಡುವುದು ಒಳ್ಳೆಯದು.

2. ಊರಿನಿಂದ ಪ್ರಯಾಣ

ಅ) 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಂತೆ ರಾಜ್ಯದ ನಿವಾಸಿಗಳಾದ ಮಹಿಳೆಯರು ಸಾಮಾನ್ಯ ಹಾಗೂ ವೇಗದೂತ ಬಸ್ಸುಗಳಲ್ಲಿ ಉಚಿತವಾಗಿ ಪ್ರಯಾಣಿಸಬಹುದು. ರಾಜಹಂಸ, ಹವಾನಿಯಂತ್ರಿತ ಹಾಗೂ ಸ್ಲೀಪರ್ ಬಸ್ಸುಗಳಿಗೆ ಈ ಸೌಲಭ್ಯ ಅನ್ವಯಿಸುವುದಿಲ್ಲ. ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿಯನ್ನು ತೋರಿಸಿ ಶೂನ್ಯ ಮೊತ್ತದ ಟಿಕೆಟನ್ನು ತಪ್ಪದೆ ಪಡೆಯಬೇಕು.

ಆ) ಬಸ್ಸುಗಳಲ್ಲಿ 6ರಿಂದ 12 ವರ್ಷದವರೆಗಿನ ಮಕ್ಕಳಿಗೆ ಅರ್ಧ ಟಿಕೆಟ್. 60 ವರ್ಷ ತುಂಬಿದ ಹಿರಿಯ ನಾಗರಿಕರಿಗೆ ಸಾರಿಗೆ ನಿಗಮದ ಬಸ್ಸುಗಳಲ್ಲಿ ಶೇಕಡ 25ರ ರಿಯಾಯಿತಿ ಇದೆ. ರೈಲುಗಳಲ್ಲಿ ಹಿರಿಯ ನಾಗರಿಕರಿಗಿದ್ದ ರಿಯಾಯಿತಿಯನ್ನು 2020ರ ಮಾರ್ಚ್‌ನಲ್ಲಿ ಹಿಂಪಡೆಯಲಾಗಿದೆ ಎಂಬುದನ್ನು ಲೆಕ್ಕ ಹಾಕುವಾಗ ಗಮನಿಸಬೇಕು.

ಇ) ರೈಲು ಟಿಕೆಟುಗಳನ್ನು 60 ದಿನ ಮುಂಚಿತವಾಗಿ ಕಾಯ್ದಿರಿಸಬಹುದು. ಹಿಂದಿರುಗುವ ಟಿಕೆಟನ್ನೂ ಹೊರಡುವ ಮೊದಲೇ ಪಡೆದಿರುವುದು ಸೂಕ್ತ. ಕೊನೆಯ ಗಳಿಗೆಯಲ್ಲಿ ತತ್ಕಾಲ್ ಟಿಕೆಟಿಗೆ ಕೊಡುವ ಹೆಚ್ಚುವರಿ ಹಣ ಇಡೀ ಕುಟುಂಬದ ಒಂದು ಹೊತ್ತಿನ ಊಟಕ್ಕೆ ಸಾಕಾಗಬಹುದು.

3. ವಸತಿ

ಶುಕ್ರವಾರ ರಾತ್ರಿ ಊರಿನಿಂದ ಹೊರಟು ಭಾನುವಾರ ರಾತ್ರಿ ಹಿಂದಿರುಗಿದರೆ ಎರಡು ದಿನಗಳ ಪ್ರವಾಸಕ್ಕೆ ಒಂದು ರಾತ್ರಿಯ ವಸತಿ ಮಾತ್ರ ಬೇಕಾಗುತ್ತದೆ. ಕೆಂಪೇಗೌಡ ಬಸ್ ನಿಲ್ದಾಣ ಮತ್ತು ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ ರೈಲು ನಿಲ್ದಾಣ ಎದುರುಬದುರಾಗಿದ್ದು, ಇದೇ ಮೆಜೆಸ್ಟಿಕ್ ಪ್ರದೇಶದಲ್ಲಿ ಮೆಟ್ರೊದ ನೇರಳೆ ಮತ್ತು ಹಸಿರು ಮಾರ್ಗಗಳು ಸಂಧಿಸುತ್ತವೆ. ಊರಿನಿಂದ ಬರುವ ಪ್ರಯಾಣಿಕರಿಗಾಗಿ ಗುಬ್ಬಿ ತೋಟದಪ್ಪನವರು 1897ರಲ್ಲಿ ಛತ್ರವನ್ನು ಸ್ಥಾಪಿಸಿದ್ದೂ ಈ ರೈಲು ನಿಲ್ದಾಣದ ಸಮೀಪದಲ್ಲಿಯೇ. ಆದ್ದರಿಂದ ಮೆಜೆಸ್ಟಿಕ್, ಗಾಂಧಿನಗರ ಅಥವಾ ಚಿಕ್ಕಪೇಟೆಯಲ್ಲಿ ತಂಗಿದರೆ ನಿಲ್ದಾಣದಿಂದ ವಸತಿಗೆ ಹೋಗುವ ವೆಚ್ಚ ಉಳಿಯುತ್ತದೆ. ದೂರದ ಬಡಾವಣೆಯಲ್ಲಿ ಕಡಿಮೆ ಬಾಡಿಗೆಯ ಕೊಠಡಿ ದೊರೆತರೂ ದಿನನಿತ್ಯದ ಓಡಾಟದಲ್ಲಿ ಆ ಉಳಿತಾಯ ಕರಗಿಹೋಗುತ್ತದೆ. ರೈಲಿನಲ್ಲಿ ಬರುವವರು ತಮ್ಮ ಟಿಕೆಟ್ ಸಂಖ್ಯೆಯ ಆಧಾರದ ಮೇಲೆ ನಿಲ್ದಾಣದ ವಿಶ್ರಾಂತಿ ಕೊಠಡಿಯನ್ನು ಕಾಯ್ದಿರಿಸಲು ಪ್ರಯತ್ನಿಸಬಹುದು. ನಿಲ್ದಾಣದ ಹೊರಗೆ ಅಪರಿಚಿತರು ಕರೆದೊಯ್ಯುವ ವಸತಿಗೃಹಗಳಿಗೆ ಹೋಗಬಾರದು. ಕೊಠಡಿಯನ್ನು ನೋಡಿ, ಬಾಡಿಗೆ ಹಾಗೂ ಕೊಠಡಿ ಬಿಡುವ ಸಮಯವನ್ನು ಖಚಿತಪಡಿಸಿಕೊಂಡ ನಂತರವೇ ಹಣ ಪಾವತಿಸಬೇಕು.

4. ನಗರದೊಳಗಿನ ಓಡಾಟ

ಇದು ಅತಿ ಹೆಚ್ಚು ಎಚ್ಚರ ವಹಿಸಬೇಕಾದ ಬಾಬತ್ತು. ಉದಾಹರಣೆಗೆ, ದಂಪತಿ, ವೃದ್ಧ ತಾಯಿ ಹಾಗೂ 10 ಮತ್ತು 7 ವರ್ಷದ ಇಬ್ಬರು ಮಕ್ಕಳಿರುವ ಐವರ ಕುಟುಂಬವನ್ನು ಪರಿಗಣಿಸಬಹುದು. 2025ರ ಆಗಸ್ಟ್ 1ರಿಂದ ಜಾರಿಗೆ ಬಂದ ದರದಂತೆ ಆಟೋರಿಕ್ಷಾದ ಕನಿಷ್ಠ ಬಾಡಿಗೆ ಮೊದಲ 2 ಕಿಲೋಮೀಟರಿಗೆ 36 ರೂಪಾಯಿ. ನಂತರದ ಪ್ರತಿ ಕಿಲೋಮೀಟರಿಗೆ 18 ರೂಪಾಯಿ. 5 ಕಿಲೋಮೀಟರಿಗೆ 90 ರೂಪಾಯಿ ಆಗುತ್ತದೆ. ಐವರಿಗೆ ಎರಡು ಆಟೋ ಬೇಕಾಗುವುದರಿಂದ ಒಂದು ಸಲಕ್ಕೆ 180 ರೂಪಾಯಿ; ದಿನಕ್ಕೆ ನಾಲ್ಕು ಸಲವೆಂದರೆ 720 ರೂಪಾಯಿ. ಇದೇ ಪ್ರಯಾಣವನ್ನು ಬೆಂಗಳೂರು ಮಹಾನಗರ ಸಾರಿಗೆಯ ಸಾಮಾನ್ಯ ಬಸ್ಸಿನಲ್ಲಿ ಮಾಡಿದರೆ ಇಬ್ಬರು ಮಹಿಳೆಯರಿಗೆ ಪ್ರಯಾಣ ಉಚಿತ, ಮಕ್ಕಳಿಬ್ಬರಿಗೂ ಅರ್ಧ ಟಿಕೆಟ್. ಇಡೀ ದಿನದ ವೆಚ್ಚ 200 ರೂಪಾಯಿಯೊಳಗೆ ಮುಗಿಯುತ್ತದೆ. ಎರಡು ದಿನಗಳಲ್ಲಿ ಉಳಿಯುವ ಮೊತ್ತ ಒಂದು ಸಾವಿರ ರೂಪಾಯಿಗೂ ಹೆಚ್ಚು.

2025ರ ಜನವರಿಯ ಪರಿಷ್ಕರಣೆಯಂತೆ ಸಾಮಾನ್ಯ ಬಸ್ಸುಗಳ ದಿನದ ಪಾಸಿನ ದರ 80 ರೂಪಾಯಿ. ದಿನದ ಬಿಡಿ ಟಿಕೆಟುಗಳ ಮೊತ್ತ ಅದನ್ನು ಮೀರುವಂತಿದ್ದರೆ ಮಾತ್ರ ಪಾಸು ಲಾಭದಾಯಕ. ಮೆಟ್ರೊ ರೈಲಿಗೆ ಶಕ್ತಿ ಯೋಜನೆ ಅನ್ವಯಿಸುವುದಿಲ್ಲವಾದರೂ ಸಮಯ ಉಳಿಯುತ್ತದೆ, ದಾರಿ ತಪ್ಪುವ ಭಯವಿಲ್ಲ. ಹೋಗುವಾಗ ಮೆಟ್ರೊ, ಬರುವಾಗ ಬಸ್ಸು ಎಂದು ಹಂಚಿಕೊಳ್ಳಬಹುದು. ಆಟೋವನ್ನು ನಡೆಯಲಾಗದ ಹಿರಿಯರಿಗಾಗಿ ಮಾತ್ರ ಕಾದಿರಿಸಿಕೊಳ್ಳುವುದು ಸೂಕ್ತ. ರಾತ್ರಿ 10ರಿಂದ ಬೆಳಿಗ್ಗೆ 5ರವರೆಗೆ ಆಟೋ ಬಾಡಿಗೆ ಒಂದೂವರೆ ಪಟ್ಟು ಇರುತ್ತದೆ.

5. ಎರಡು ದಿನಗಳ ಮಾದರಿ ಕಾರ್ಯಕ್ರಮ

ಮೊದಲನೆಯ ದಿನ (ಹಸಿರು ಮಾರ್ಗ): ಬೆಳಗಿನ ತಂಪಿನಲ್ಲಿಯೇ ಲಾಲ್‌ಬಾಗ್ ತಲುಪಬೇಕು. 1760ರಲ್ಲಿ ಹೈದರ್ ಅಲಿ ಆರಂಭಿಸಿದ ಈ ತೋಟ ಇಂದು 240 ಎಕರೆಯಷ್ಟು ವಿಸ್ತಾರವಾಗಿದೆ. 1889ರಲ್ಲಿ ಅಡಿಗಲ್ಲು ಹಾಕಲಾದ ಗಾಜಿನ ಮನೆ, ಸುಮಾರು 300 ಕೋಟಿ ವರ್ಷ ಹಳೆಯದಾದ ಬಂಡೆ ಹಾಗೂ ಅದರ ಮೇಲಿನ ಕೆಂಪೇಗೌಡ ಗೋಪುರವನ್ನು ಮಕ್ಕಳಿಗೆ ತೋರಿಸಬೇಕು. ಅಲ್ಲಿಂದ ಒಂದೇ ನಿಲ್ದಾಣ ಹಿಂದಕ್ಕೆ, ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಇಳಿದು ಗಾಂಧಿ ಬಜಾರಿನ ಮೂಲಕ ನಡೆದರೆ ಬಸವನಗುಡಿಯ ದೊಡ್ಡ ಬಸವಣ್ಣನ ದೇವಾಲಯ ಮತ್ತು ಕಹಳೆ ಬಂಡೆ ಸಿಗುತ್ತವೆ. ಮಧ್ಯಾಹ್ನ ದೇವಾಲಯದ ಬಾಗಿಲು ಮುಚ್ಚುವುದರಿಂದ ಅದಕ್ಕೆ ಮೊದಲೇ ತಲುಪಬೇಕು. ಊಟದ ನಂತರ ಕೃಷ್ಣರಾಜೇಂದ್ರ ಮಾರುಕಟ್ಟೆ ನಿಲ್ದಾಣಕ್ಕೆ ಬಂದು, 1791ರಲ್ಲಿ ಪೂರ್ಣಗೊಂಡ, ಮರದ ಕಂಬಗಳ ಟಿಪ್ಪು ಬೇಸಿಗೆ ಅರಮನೆಯನ್ನು ನೋಡಬಹುದು. ಇಲ್ಲಿ 15 ವರ್ಷದೊಳಗಿನ ಮಕ್ಕಳಿಗೆ ಶುಲ್ಕವಿಲ್ಲ. ಸಂಜೆ ಮಾರುಕಟ್ಟೆ, ಚಿಕ್ಕಪೇಟೆಗಳನ್ನು ನೋಡಿಕೊಂಡು ಮೆಜೆಸ್ಟಿಕ್‌ಗೆ ಹಿಂದಿರುಗಬಹುದು.

ಎರಡನೆಯ ದಿನ (ನೇರಳೆ ಮಾರ್ಗ): ಭಾನುವಾರ ಮೆಟ್ರೊ ಸಂಚಾರ ಬೆಳಿಗ್ಗೆ 7ಕ್ಕೆ ಆರಂಭವಾಗುತ್ತದೆ. ಕೆಂಗಲ್ ಹನುಮಂತಯ್ಯನವರ ಕಾಲದಲ್ಲಿ ರೂಪುಗೊಂಡು 1956ರಲ್ಲಿ ಪೂರ್ಣಗೊಂಡ ವಿಧಾನಸೌಧದ ವೀಕ್ಷಣೆಗೆ ಮುಂಚಿತವಾಗಿ ಅಂತರ್ಜಾಲದಲ್ಲಿ ನೋಂದಾಯಿಸಿಕೊಳ್ಳಬೇಕು. ಆರಂಭದಲ್ಲಿ ನಿಗದಿಪಡಿಸಿದ ಶುಲ್ಕ ತಲಾ 50 ರೂಪಾಯಿ. 15 ವರ್ಷದವರೆಗಿನ ಮಕ್ಕಳಿಗೆ ಉಚಿತ. ಗುರುತಿನ ಚೀಟಿ ಕಡ್ಡಾಯ. ಎದುರಿಗೆ ಕಾಣುವ ಕೆಂಪು ಕಟ್ಟಡ 1868ರ ಅಠಾರಾ ಕಚೇರಿ, ಇಂದಿನ ಉಚ್ಚ ನ್ಯಾಯಾಲಯ. ಅದರ ಹಿಂದೆಯೇ 1870ರಲ್ಲಿ ರೂಪುಗೊಂಡ ಕಬ್ಬನ್ ಉದ್ಯಾನವಿದ್ದು, ಪ್ರವೇಶ ಶುಲ್ಕವಿಲ್ಲ. ಭಾನುವಾರ ಉದ್ಯಾನದೊಳಗೆ ವಾಹನ ಸಂಚಾರವಿಲ್ಲದಿರುವುದರಿಂದ ಮಕ್ಕಳು ನಿರ್ಭಯವಾಗಿ ಓಡಾಡಬಹುದು. ಅಲ್ಲಿಂದ ನಡೆದೇ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯವನ್ನು ತಲುಪಬಹುದು. 1962ರಲ್ಲಿ ಉದ್ಘಾಟನೆಯಾದ ಈ ಸಂಗ್ರಹಾಲಯದಲ್ಲಿ ಶಾಲಾ ಮಕ್ಕಳಿಗೆ ಅರ್ಧ ದಿನವೂ ಸಾಲದು.

ಬನ್ನೇರುಘಟ್ಟ ಜೈವಿಕ ಉದ್ಯಾನ ನಗರದಿಂದ ಸುಮಾರು 22 ಕಿಲೋಮೀಟರ್ ದೂರದಲ್ಲಿದೆ. ಅದಕ್ಕೆ ಪೂರ್ಣ ಒಂದು ದಿನ ಬೇಕು, ಸಫಾರಿಯ ಶುಲ್ಕವೂ ಪ್ರತ್ಯೇಕ. ಎರಡೇ ದಿನವಿದ್ದರೆ ಮೇಲಿನ ಕಾರ್ಯಕ್ರಮಕ್ಕೆ ಇದನ್ನು ಸೇರಿಸದೆ, ಒಂದು ದಿನದ ಬದಲಿಗೆ ಆಯ್ಕೆ ಮಾಡಿಕೊಳ್ಳಬೇಕು. ಮೆಜೆಸ್ಟಿಕ್‌ನಿಂದ 365 ಸಂಖ್ಯೆಯ ಬಸ್ಸು ಅಲ್ಲಿಗೆ ಹೋಗುತ್ತದೆ.

6. ಊಟೋಪಹಾರ

ಮೊದಲ ದಿನಕ್ಕೆ ಚಪಾತಿ, ಚಟ್ನಿಪುಡಿ, ಚಿತ್ರಾನ್ನ ಮುಂತಾದ ಬುತ್ತಿಯನ್ನೂ ಕುಡಿಯುವ ನೀರಿನ ಬಾಟಲಿಯನ್ನೂ ಮನೆಯಿಂದಲೇ ತರಬಹುದು. 2017ರ ಆಗಸ್ಟ್‌ನಲ್ಲಿ ಆರಂಭವಾದ ಇಂದಿರಾ ಕ್ಯಾಂಟೀನುಗಳಲ್ಲಿ 5 ರೂಪಾಯಿಗೆ ಉಪಾಹಾರ, 10 ರೂಪಾಯಿಗೆ ಊಟ ನಿಗದಿಯಾಗಿದೆ. ನಿಗದಿತ ವೇಳೆಯಲ್ಲಿ ಹೋಗಬೇಕು. ನಿಂತು ತಿನ್ನುವ ದರ್ಶಿನಿ ಹೋಟೆಲುಗಳಲ್ಲಿಯೂ ದರ ಮಿತವಾಗಿರುತ್ತದೆ.

7. ಅನುಸರಿಸಬೇಕಾದ ಎಚ್ಚರಿಕೆಗಳು

* ಹಿಂದಿರುಗುವ ಪ್ರಯಾಣದ ಹಣವನ್ನು ಪ್ರತ್ಯೇಕವಾಗಿ ತೆಗೆದಿಟ್ಟು, ಯಾವ ಕಾರಣಕ್ಕೂ ಬಳಸಬಾರದು.
* ಒಟ್ಟು ಅಂದಾಜಿನ ಹತ್ತನೆಯ ಒಂದು ಭಾಗವನ್ನು ಔಷಧಿ ಮುಂತಾದ ಆಕಸ್ಮಿಕ ವೆಚ್ಚಕ್ಕೆ ಮೀಸಲಿಡಬೇಕು.
* ಹಣವನ್ನು ಒಬ್ಬರ ಬಳಿಯೇ ಇಡದೆ ಇಬ್ಬರು ಹಿರಿಯರು ಹಂಚಿಕೊಳ್ಳಬೇಕು.
* ಮಕ್ಕಳ ಹಾಗೂ ವೃದ್ಧರ ಜೇಬಿನಲ್ಲಿ ಕುಟುಂಬದ ದೂರವಾಣಿ ಸಂಖ್ಯೆ ಮತ್ತು ವಸತಿಗೃಹದ ಹೆಸರು ಬರೆದ ಚೀಟಿ ಇಡಬೇಕು. ಪ್ರತಿ ಸ್ಥಳದಲ್ಲಿಯೂ, ಅಗಲಿದರೆ ಎಲ್ಲಿ ಸೇರಬೇಕೆಂಬುದನ್ನು ಮೊದಲೇ ತಿಳಿಸಿರಬೇಕು.
* ತುರ್ತು ಸಂದರ್ಭಗಳಲ್ಲಿ 112, ಮಕ್ಕಳ ಸಹಾಯವಾಣಿ 1098 ಹಾಗೂ ರೈಲ್ವೆ ಸಹಾಯವಾಣಿ 139ಕ್ಕೆ ಕರೆ ಮಾಡಬಹುದು.

ಗಮನಿಸಿ: ಮೇಲೆ ತಿಳಿಸಿರುವ ದರಗಳು ಆಯಾ ವರ್ಷದ ಪರಿಷ್ಕರಣೆಗೆ ಅನುಗುಣವಾಗಿದ್ದು, ಹೊರಡುವ ಮುನ್ನ ಚಾಲ್ತಿಯಲ್ಲಿರುವ ದರ ಹಾಗೂ ವೇಳೆಯನ್ನು ಸಂಬಂಧಪಟ್ಟ ಸಂಸ್ಥೆಗಳಿಂದ ಖಚಿತಪಡಿಸಿಕೊಳ್ಳಲು ಕೋರಲಾಗಿದೆ. ಒಂದು ಹಾಳೆಯಲ್ಲಿ ಪ್ರಯಾಣ, ವಸತಿ, ಊಟ, ಪ್ರವೇಶ ಶುಲ್ಕ ಎಂಬ ನಾಲ್ಕು ಬಾಬತ್ತುಗಳನ್ನು ಬರೆದು, ಅಂದಾಜು ಮಾಡಿಕೊಂಡು ಹೊರಡುವ ಕುಟುಂಬ ಸಾಲವಿಲ್ಲದೆ ಹೋಗಿ, ನೆಮ್ಮದಿಯಿಂದ ಹಿಂದಿರುಗಬಲ್ಲದು.