ಗುರುಮನೆ, ತರಗತಿ, ಪ್ರಯೋಗಾಲಯ: ಚೀನೀ ವೈದ್ಯ ಅಧ್ಯಯನ ಬೆಳೆದ ಬಗೆ

ಕ್ರಿ.ಶ. 1027ರಲ್ಲಿ ಸೋಂಗ್ ಅರಸರ ಆಸ್ಥಾನವೈದ್ಯ ವಾಂಗ್ ವೇಯೀ ಆಳೆತ್ತರದ ಕಂಚಿನ ಗೊಂಬೆಗಳನ್ನು ಮಾಡಿಸಿದ. ಸೂಜಿ ಚುಚ್ಚಬೇಕಾದ ಜಾಗದಲ್ಲೆಲ್ಲ ಸಣ್ಣ ತೂತು. ಪರೀಕ್ಷೆಯ ದಿನ ಗೊಂಬೆಯೊಳಗೆ ನೀರು ತುಂಬಿ, ಮೈಗೆಲ್ಲ ಮೇಣ ಬಳಿಯುತ್ತಿದ್ದರಂತೆ. ವಿದ್ಯಾರ್ಥಿಯ ಸೂಜಿ ಸರಿಯಾದ ತೂತಿಗೆ ಇಳಿದರೆ ನೀರು ಜಿನುಗುತ್ತಿತ್ತು, ಇಲ್ಲದಿದ್ದರೆ ಫೇಲು. ಇಂಥ ರಾಜಾಶ್ರಯದ ಪಾಠ ದಕ್ಕಿದ್ದು ಕೆಲವರಿಗಷ್ಟೇ. ಉಳಿದಂತೆ ವಿದ್ಯೆ ಅಪ್ಪನಿಂದ ಮಗನಿಗೆ, ಗುರುವಿನಿಂದ ಶಿಷ್ಯನಿಗೆ ಇಳಿದುಬಂತು. ಚೀನೀ ವೈದ್ಯವನ್ನು ಇಂದಿನ ಬಗೆಯ ಸರ್ಕಾರಿ ಕಾಲೇಜು, ಅಕಾಡೆಮಿಗಳಲ್ಲಿ ಕಲಿಸುವ, ಸಂಶೋಧಿಸುವ ವೃತ್ತಿ ಶುರುವಾದದ್ದು 1950ರ ದಶಕದಲ್ಲಿ.

ಅದಕ್ಕೂ ಮುನ್ನ ಈ ವಿದ್ಯೆ ಉಳಿಯುವುದೇ ಅನುಮಾನವಾಗಿತ್ತು. 1929ರಲ್ಲಿ, ಜಪಾನಿನಲ್ಲಿ ಓದಿಬಂದಿದ್ದ ವೈದ್ಯ ಯೂ ಯುನ್‌ಶಿಯು ಹಳೆಯ ವೈದ್ಯವನ್ನು ಹಂತಹಂತವಾಗಿ ನಿಲ್ಲಿಸಬೇಕೆಂದು ಮಂಡಿಸಿದ ಪ್ರಸ್ತಾವಕ್ಕೆ ಸರ್ಕಾರಿ ಆರೋಗ್ಯ ಸಭೆಯ ಒಪ್ಪಿಗೆ ಸಿಕ್ಕಿತು. ಮಾರ್ಚ್ 17ರಂದು ಹಲವು ಪ್ರಾಂತ್ಯಗಳ ವೈದ್ಯರು ಶಾಂಘೈಯಲ್ಲಿ ಸೇರಿ ಪ್ರತಿಭಟಿಸಿದರು. ಪ್ರಸ್ತಾವ ಜಾರಿಯಾಗಲಿಲ್ಲ. ಆದರೆ ಶಾಲೆ, ಪಠ್ಯ, ಪದವಿಯಿಲ್ಲದೆ ಆಧುನಿಕ ಸರ್ಕಾರದ ಮುಂದೆ ನಿಲ್ಲುವುದು ಕಷ್ಟವೆಂಬುದು ವೈದ್ಯರಿಗೆ ಮನದಟ್ಟಾಯಿತು.

ಕಮ್ಯುನಿಸ್ಟ್ ಸರ್ಕಾರ 1955ರಲ್ಲಿ ಬೀಜಿಂಗ್‌ನಲ್ಲಿ ಸಂಶೋಧನಾ ಅಕಾಡೆಮಿಯನ್ನೂ 1956ರಲ್ಲಿ ಬೀಜಿಂಗ್, ಶಾಂಘೈ, ಗುವಾಂಗ್‌ಝೌ, ಚೆಂಗ್ಡುಗಳಲ್ಲಿ ಕಾಲೇಜುಗಳನ್ನೂ ತೆರೆಯಿತು. ಮೇಷ್ಟರಾಗಿ ಬಂದವರಲ್ಲಿ ತಮ್ಮದೇ ಗುರುಪರಂಪರೆಯ ಹಿರಿಯ ವೈದ್ಯರು ಬಹಳ. ಒಬ್ಬರ ಕಷಾಯ ಇನ್ನೊಬ್ಬರಿಗೆ ಒಪ್ಪಿಗೆಯಿಲ್ಲ. ಎಲ್ಲರೂ ಸೇರಿ ಒಂದೇ ಪಠ್ಯ ಬರೆಯಬೇಕು! ನಾಡಿ, ನಾಲಿಗೆ, ಬೆವರು, ನಿದ್ದೆಗಳನ್ನು ಕೂಡಿಸಿ ನೋಡಿ, ರೋಗಿಯ ಸ್ಥಿತಿಗೆ ತಕ್ಕ ಮದ್ದು ಕೊಡುವ ತತ್ವ ಆ ಪಠ್ಯಗಳ ನಡುಗಂಬವಾಯಿತು. ಅದಕ್ಕೆ ಹೊಂದದ ಮನೆಮನೆಯ ಪದ್ಧತಿಗಳು ಬದಿಗೆ ಸರಿದವು.

ಇದೇ ಕಾಲದಲ್ಲಿ ಪಾಶ್ಚಾತ್ಯ ವೈದ್ಯ ಓದಿದವರಿಗೂ ಹಳೆಯ ವಿದ್ಯೆ ಕಲಿಸುವ ತರಗತಿಗಳು ಶುರುವಾದವು. ಔಷಧವಿಜ್ಞಾನ ಓದಿದ್ದ ಟು ಯೂಯೂ ಅಂಥ ತರಗತಿಯಲ್ಲಿ ಎರಡೂವರೆ ವರ್ಷ ಕಲಿತರು. 1969ರಲ್ಲಿ ಮಲೇರಿಯಾ ಮದ್ದು ಹುಡುಕುವ ಗುಟ್ಟಿನ ಸೇನಾ ಯೋಜನೆಯ ಒಂದು ತಂಡ ಅವರ ಕೈಗೆ ಬಂತು. ಚಿಂಗ್‌ಹಾವ್ ಎಂಬ ಗಿಡ ಒಮ್ಮೆ ಫಲ ಕೊಟ್ಟರೆ ಇನ್ನೊಮ್ಮೆ ಕೈಕೊಡುತ್ತಿತ್ತು. ನಮ್ಮ ಹೂವಿನ ಮಾಲೆಯ ದವನದ ಕುಲದ್ದೇ ಗಿಡ ಅದು. ನಾಲ್ಕನೇ ಶತಮಾನದ ಗೆ ಹಾಂಗ್‌ನ ಕೈಪಿಡಿ ಗಿಡವನ್ನು ನೀರಲ್ಲಿ ನೆನೆಸಿ, ಹಿಂಡಿ, ರಸ ಕುಡಿಯಿರಿ ಎನ್ನುತ್ತಿತ್ತು; ಕುದಿಸುವ ಮಾತೇ ಇರಲಿಲ್ಲ. ಹಾಗಾದರೆ ಸತ್ವ ಕೆಡುವುದು ಕಾವಿನಿಂದಲೇ? ಟು ಕಡಿಮೆ ಕಾವಿನಲ್ಲಿ ಈಥರ್ ಬಳಸಿ ಸಾರ ತೆಗೆದರು. 1971ರ ಅಕ್ಟೋಬರ್ 4ರಂದು 191ನೇ ಮಾದರಿ ಇಲಿಗಳಲ್ಲಿ ಮಲೇರಿಯಾ ಪರಾವಲಂಬಿಯನ್ನು ಪೂರ್ತಿ ಅಳಿಸಿತು. 2015ರಲ್ಲಿ ನೊಬೆಲ್ ಬಂತು. ಫಾಲ್ಸಿಪಾರಮ್ ಮಲೇರಿಯಾಕ್ಕೆ ನಮ್ಮಲ್ಲೂ ಕೊಡುವ ಮಾತ್ರೆಗಳಲ್ಲಿ ಇರುವುದು ಆ ಸಾರದಿಂದ ಸಿಕ್ಕ ಆರ್ಟೆಮಿಸಿನಿನ್ ವರ್ಗದ ಮದ್ದು.

ಹಾರ್ಬಿನ್‌ನ ವೈದ್ಯರು ಪಾಷಾಣದಿಂದ ಒಂದು ಬಗೆಯ ರಕ್ತಕ್ಯಾನ್ಸರಿಗೆ ಮದ್ದು ಕಂಡುಕೊಂಡದ್ದು ಇನ್ನೊಂದು ಗೆಲುವು. ಹಿನ್ನಡೆಗಳೂ ಇವೆ. ಬೆಲ್ಜಿಯಂನಲ್ಲಿ ತೂಕ ಇಳಿಸುವ ಗುಳಿಗೆಗೆ ಒಂದು ಚೀನೀ ಮೂಲಿಕೆಯ ಬದಲು ಹೆಸರು ಹೋಲುವ ಇನ್ನೊಂದು ಬೆರೆತು, ಹಲವು ಹೆಂಗಸರ ಮೂತ್ರಪಿಂಡ ಹಾಳಾಗಿದ್ದು 1993ರಲ್ಲಿ ವರದಿಯಾಯಿತು. 2007ರ ಜರ್ಮನ್ ಪರೀಕ್ಷೆಯಲ್ಲಿ ಬೆನ್ನುನೋವಿಗೆ ಸರಿಯಾದ ಜಾಗದ ಸೂಜಿಯೂ ತೋರಿಕೆಯ ಸೂಜಿಯೂ ಹೆಚ್ಚುಕಮ್ಮಿ ಒಂದೇ ಫಲ ಕೊಟ್ಟವು. ಮಾಮೂಲಿ ಚಿಕಿತ್ಸೆಗಿಂತ ಎರಡೂ ಮೇಲಾಗಿದ್ದವು. ವಾಂಗ್‌ನ ಕಂಚಿನ ಗೊಂಬೆ ಫೇಲು ಮಾಡುತ್ತಿದ್ದ ಸೂಜಿ ಇಲ್ಲಿ ಪಾಸು. ಇದನ್ನು ವಿದ್ಯಾರ್ಥಿಗಳಿಗೆ ವಿವರಿಸುವ ಹೊಣೆ ಇಂದಿನ ಪ್ರಾಧ್ಯಾಪಕರದು.

ಪಠ್ಯ ಹಿಡಿದು ಕಲಿಸುವ ಕಾಲೇಜು ಶಿಕ್ಷಣದಲ್ಲಿನ ಕೊರತೆ ಚೀನಕ್ಕೂ ಕ್ರಮೇಣ ಹೊಳೆಯಿತು. 1990ರಲ್ಲಿ ಸರ್ಕಾರ ಸುಮಾರು 500 ಹಿರಿಯ ವೈದ್ಯರನ್ನು ಆರಿಸಿ, ಆಗಲೇ ಅನುಭವವಿದ್ದ ವೈದ್ಯರನ್ನೇ ಮೂರು ವರ್ಷ ಅವರ ಶಿಷ್ಯರಾಗಿ ಕೂರಿಸಿತು. ಪಠ್ಯ ಬರೆಯುವಾಗ ಬದಿಗೆ ಸರಿದದ್ದನ್ನು ಅವರು ಗುರುವಿನ ಪಕ್ಕ ಕೂತು, ರೋಗಿಯ ಮಣಿಕಟ್ಟಿನ ಮೇಲೆ ಬೆರಳಿಟ್ಟು ಮತ್ತೆ ಕಲಿಯಬೇಕಾಯಿತು.