ಬಸವಣ್ಣನವರ ಹೊನ್ನು ವಾಪಸ್: ಸಣ್ಣ ಅಂಗಡಿಗೆ ಕಲ್ಯಾಣದ ಎರಡು ಕತೆ

ಸಿಂದಗಿ ತಾಲೂಕಿನ ಮೋರಟಗಿಯಿಂದ ಮಾತಾಡಾಕತ್ತೀನಿ. ಇವತ್ತಿನ ವಿಷಯ ‘ಕಂಪನಿ ಕಲ್ಚರ್’.

ಈ ಶಬ್ದ ಕೇಳಿದ ಕೂಡಲೇ ಬೆಂಗಳೂರಿನ ಗಾಜಿನ ಕಟ್ಟಡ, ಕೊರಳಾಗಿನ ಐಡಿ ಕಾರ್ಡ್ ನೆನಪಾಗ್ತದ. ಆದರೆ ನಾಲ್ಕು ಮಂದಿ ದುಡಿಯುವ ಕಿರಾಣಿ ಅಂಗಡಿಗೂ, ಮೊಬೈಲ್ ರಿಪೇರಿ ಅಂಗಡಿಗೂ, ಇಂಡಿ ಕಡೆ ಲಿಂಬೆ ಆರಿಸಿ ಚೀಲ ತುಂಬುವ ಜಾಗಕ್ಕೂ ಒಂದು ಕಲ್ಚರ್ ಇದ್ದೇ ಇರ್ತದ. ಮಾಲೀಕ ಸಂತಿಗೆ ಹೋದಾಗ ಗಲ್ಲಾದ ಮುಂದೆ ಕುಂತ ಹುಡುಗ ಏನು ಮಾಡ್ತಾನ? ಅದೇ ಆ ಅಂಗಡಿಯ ಕಲ್ಚರ್. ಗ್ವಾಡಿಗೆ ಹಚ್ಚಿದ ಬೋರ್ಡ್ ಅಲ್ಲ.

ಈ ವಿಷಯಕ್ಕೆ ಜಪಾನ್, ಅಮೆರಿಕದ ಉದಾಹರಣೆ ಬೇಕಾದಷ್ಟು ಸಿಗ್ತಾವ. ನಾನು ನಮ್ಮ ಪಕ್ಕದ ಬಸವನ ಬಾಗೇವಾಡಿಯಿಂದ ಶುರು ಮಾಡ್ತೀನಿ.

12ನೇ ಶತಮಾನದಲ್ಲಿ ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರು ಮುಂದೆ ಕಲ್ಯಾಣದಲ್ಲಿ, ಅಂದ್ರ ಈಗಿನ ಬೀದರ ಜಿಲ್ಲೆಯ ಬಸವಕಲ್ಯಾಣದಲ್ಲಿ, ಬಿಜ್ಜಳನ ಭಂಡಾರ ನೋಡಿಕೊಳ್ಳುತ್ತಿದ್ದರು. ಅವರ ಸುತ್ತ ಕೂಡಿದವರ ಹೆಸರು ಸ್ವಲ್ಪ ಕೇಳ್ರಿ. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಮೇದಾರ ಕೇತಯ್ಯ, ನುಲಿಯ ಚಂದಯ್ಯ, ಆಯ್ದಕ್ಕಿ ಮಾರಯ್ಯ. ಹೆಸರಿನಲ್ಲೇ ಕೆಲಸ ಇದೆ. ಬಟ್ಟೆ ತೊಳೆಯೋದು, ದೋಣಿ ನಡೆಸೋದು, ಬುಟ್ಟಿ ಹೆಣೆಯೋದು, ಹಗ್ಗ ಹೊಸೆಯೋದು, ಚೆಲ್ಲಿದ ಅಕ್ಕಿ ಆರಿಸೋದು. ಊರಿನವರು ಕೀಳು ಅಂದುಕೊಂಡಿದ್ದ ಕೆಲಸವನ್ನೇ ಇವರು ಹೆಮ್ಮೆಯಿಂದ ಹೆಸರಿನ ಮುಂದೆ ಇಟ್ಟುಕೊಂಡರು. ಆ ದುಡಿಮೆಗೆ ‘ಕಾಯಕ’ ಅಂದರು. ದುಡಿದು ಬಂದದ್ದನ್ನು ಹಂಚಿ ಉಣ್ಣೋದಕ್ಕೆ ‘ದಾಸೋಹ’ ಅಂದರು.

ಕಲ್ಯಾಣ ಒಂದು ಕಂಪನಿ ಆಗಿರಲಿಲ್ಲ, ಅದು ನನಗೂ ಗೊತ್ತು. ಆದರೆ ಬೇರೆ ಬೇರೆ ಊರು, ಬೇರೆ ಬೇರೆ ಜಾತಿಯ ಮಂದಿ ಒಂದು ಕಡೆ ಕೂಡಿದಾಗ ಎಲ್ಲರೂ ಒಪ್ಪುವ ನಡತೆ ಒಂದು ಬೇಕಾಗ್ತದ. ನಿಮ್ಮ ಅಂಗಡಿಗೂ ಬೇಕಾಗೋದು ಅದೇ. ಅವರು ಅದನ್ನು ಹೆಂಗ ಕಟ್ಟಿಕೊಂಡರು ಅನ್ನೋದಕ್ಕೆ ಎರಡು ಕತೆ ಹೇಳ್ತೀನಿ. ಎರಡೂ ನಮಗೆ ಸಿಗೋದು 15ನೇ ಶತಮಾನದಿಂದ ಈಚೆಗೆ ಸಂಕಲನಗೊಂಡ ಶೂನ್ಯಸಂಪಾದನೆಯ ಪರಂಪರೆಯಲ್ಲಿ. ಘಟನೆ ನಡೆದ ದಿನವೇ ಬರೆದ ದಾಖಲೆ ಇವಲ್ಲ, ಮಂದಿ ತಲೆಮಾರುಗಟ್ಟಲೆ ಮರೀದೆ ಉಳಿಸಿಕೊಂಡ ಕತೆಗಳು. ಯಾವ ಕತೆಯನ್ನು ಮರೀಲಿಲ್ಲ ಅನ್ನೋದೂ ಇತಿಹಾಸವೇ.

ಮೊದಲನೆಯದು ನುಲಿಯ ಚಂದಯ್ಯನವರದು. ಇವರು ನಮ್ಮ ವಿಜಯಪುರ ಜಿಲ್ಲೆಯ ಶಿವಣಗಿಯವರು. ಹುಲ್ಲು ಕೊಯ್ದು, ಹಗ್ಗ ಹೊಸೆದು, ಮಾರಿ, ಬಂದದ್ದರಲ್ಲಿ ದಾಸೋಹ ಮಾಡೋದು ಇವರ ಕಾಯಕ. ಒಂದಿನ ಹುಲ್ಲು ಕೊಯ್ಯುವಾಗ ಕೊರಳಲ್ಲಿದ್ದ ಇಷ್ಟಲಿಂಗ ಜಾರಿ ಬಿತ್ತು. ಚಂದಯ್ಯನವರು ಕೆಲಸ ನಿಲ್ಲಿಸಲಿಲ್ಲ. ಲಿಂಗದೇವರೇ ಬೆನ್ನು ಹತ್ತಿ ಬಂದರೂ ಒಪ್ಪಲಿಲ್ಲ. ಕೊನೆಗೆ ಮಡಿವಾಳ ಮಾಚಯ್ಯನವರು ನಡುವೆ ಬಂದು ರಾಜಿ ಮಾಡಿಸಿದರು. ದೇವರೂ ಕಾಯಕ ಮಾಡಬೇಕು, ಹಗ್ಗ ಮಾರಿಕೊಂಡು ಬರಬೇಕು ಅಂತ ತೀರ್ಮಾನ ಆಯಿತು. ವಿಚಾರ ಮಾಡ್ರಿ, ದೇವರೇ ಹೊಸದಾಗಿ ಕೆಲಸಕ್ಕೆ ಸೇರಿದ ಸೇಲ್ಸ್‌ಮನ್!

ಈ ಹೊಸ ಸೇಲ್ಸ್‌ಮನ್ ಹಗ್ಗ ಒಯ್ದದ್ದು ಬಸವಣ್ಣನವರ ಹತ್ತಿರ. ಅವರು ಭಕ್ತಿಯಿಂದ ಹಗ್ಗದ ಬೆಲೆಗಿಂತ ಬಹಳ ಹೆಚ್ಚು ಹೊನ್ನು ಕೊಟ್ಟು ಕಳಿಸಿದರು. ಈಗಿನ ಮಾಲೀಕನಾಗಿದ್ದರೆ ಆ ಸೇಲ್ಸ್‌ಮನ್‌ಗೆ ಬೋನಸ್ ಕೊಡ್ತಿದ್ದ. ಚಂದಯ್ಯನವರು ಸಿಟ್ಟಾದರು. ಹಗ್ಗಕ್ಕೆ ಎಷ್ಟು ಬೆಲೆಯೋ ಅಷ್ಟೇ ನನ್ನದು, ಉಳಿದದ್ದು ನನ್ನದಲ್ಲ ಅಂತ ವಾಪಸ್ ಕೊಡಿಸಿದರು.

ಎರಡನೆಯದು ಆಯ್ದಕ್ಕಿ ಲಕ್ಕಮ್ಮನವರ ಕತೆ. ಲಕ್ಕಮ್ಮ, ಮಾರಯ್ಯ ಗಂಡ ಹೆಂಡತಿ, ರಾಯಚೂರು ಜಿಲ್ಲೆ ಲಿಂಗಸುಗೂರು ಕಡೆಯ ಅಮರೇಶ್ವರದವರು. ಕಲ್ಯಾಣದ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆರಿಸಿ ತಂದು ಅಡುಗೆ ಮಾಡಿ ಬಡಿಸೋದು ಇವರ ಕಾಯಕ. ಒಂದಿನ ಮಾರಯ್ಯನವರು ಮಾತುಕತೆಯಲ್ಲಿ ಮೈಮರೆತು ಕುಂತಿದ್ದಾಗ, ಕೆಲಸ ನಿಂತೈತಿ, ಏಳ್ರಿ ಅಂತ ಎಬ್ಬಿಸಿ ಕಳಿಸಿದ್ದೇ ಲಕ್ಕಮ್ಮ. ಅವತ್ತು ಮಾರಯ್ಯನವರು ದಿನಕ್ಕಿಂತ ಹೆಚ್ಚು ಅಕ್ಕಿ ತಂದರು. ಲಕ್ಕಮ್ಮ ಖುಷಿಪಡಲಿಲ್ಲ. ನಮಗೆ ಇಷ್ಟ್ಯಾಕ, ಈ ಆಸೆ ನಮಗೆ ಬ್ಯಾಡ, ಎಲ್ಲಿಂದ ತಂದಿರೋ ಅಲ್ಲೇ ಸುರುವಿ ಬರ್ರಿ ಅಂದುಬಿಟ್ಟರು. ಆ ಅಕ್ಕಿ ಬಸವಣ್ಣನವರ ಅಂಗಳದ್ದು!

ನನಗೆ ಈ ಕತೆಗಳಲ್ಲಿ ಪ್ರಾಮಾಣಿಕತೆಗಿಂತ ದೊಡ್ಡದಾಗಿ ಕಾಣೋದು ಇನ್ನೊಂದು ಸಂಗತಿ. ಎರಡರಲ್ಲೂ ಹಣ, ಅಧಿಕಾರ ಇರೋದು ಬಸವಣ್ಣನವರ ಕಡೆ. ಬ್ಯಾಡ ಅಂದವರು ಹಗ್ಗ ಹೊಸೆಯುವವರು, ನೆಲದ ಮೇಲಿನ ಅಕ್ಕಿ ಆರಿಸುವ ಮನೆಯ ಹೆಣ್ಣುಮಗಳು. ಬಸವಣ್ಣನವರು ಅದನ್ನು ಅವಮಾನ ಅಂತ ತಿಳೀಲಿಲ್ಲ, ಅವರನ್ನು ಹೊರಗೂ ಹಾಕಲಿಲ್ಲ. ಅನುಯಾಯಿಗಳು ಈ ಕತೆಗಳನ್ನು ಮುಚ್ಚಿಡಲಿಲ್ಲ, ನೂರಾರು ವರ್ಷ ಹೇಳಿಕೊಂಡು ಬಂದರು. ತಮ್ಮ ದೊಡ್ಡವರನ್ನೇ ತಿದ್ದಿದ ಕತೆಯನ್ನು ಹೆಮ್ಮೆಯಿಂದ ಹೇಳುವ ಗುಂಪಿನ ಕಲ್ಚರ್ ಗಟ್ಟಿ ಇರ್ತದ.

ಇಲ್ಲಿ ಒಂದು ಮಾತು ನೇರವಾಗಿ ಹೇಳಲೇಬೇಕು. ಇವತ್ತು ‘ಕಾಯಕ’ ಅನ್ನೋ ಶಬ್ದವನ್ನು ಬೋರ್ಡಿಗೆ ಹಚ್ಚಿ, ಹುಡುಗರನ್ನು ಹನ್ನೆರಡು ತಾಸು ದುಡಿಸಿ, ಪಗಾರ ಕೇಳಿದರೆ ಕೆಲಸಾನೇ ದೇವರು ಅನ್ನುವವರಿದ್ದಾರೆ. ಕತೆ ಹಾಗೆ ಹೇಳೋದಿಲ್ಲ. ಚಂದಯ್ಯನವರು ಹಗ್ಗವನ್ನು ಪುಕ್ಕಟೆ ಕೊಡಲಿಲ್ಲ. ನ್ಯಾಯವಾದ ಬೆಲೆ ತಗೊಂಡೇ ತಗೊಂಡರು. ಹೆಚ್ಚಿಗೆ ತಗೋಬಾರದು ಅನ್ನೋದು ಎಷ್ಟು ದೊಡ್ಡ ನಿಯಮವೋ, ಕಡಿಮೆ ಕೊಡಬಾರದು ಅನ್ನೋದೂ ಅಷ್ಟೇ ದೊಡ್ಡದು. ಆಸೆಗೆ ಕಡಿವಾಣ ಕೆಲಸಗಾರನಿಗೆ ಮಾತ್ರ, ಮಾಲೀಕನಿಗಿಲ್ಲ ಅಂದ್ರ ಅದು ಕಾಯಕ ಅಲ್ಲ, ಬರೀ ಬಿಟ್ಟಿ ಚಾಕರಿ.

ಮುಂದೆ ಏನಾಯಿತು? 1160ರ ದಶಕದ ಕೊನೆಗೆ ಬಿಜ್ಜಳನ ಕೊಲೆಯಾಯಿತು, ಕಲ್ಯಾಣದಲ್ಲಿ ಗಲಭೆ ಎದ್ದಿತು, ಶರಣರು ಚದುರಿ ಹೋದರು. ಸಂಸ್ಥೆ ಮುರೀತು, ನಡತೆ ಉಳೀತು. ವಚನದ ಕಟ್ಟುಗಳನ್ನು, ಕತೆಗಳನ್ನು ಮಂದಿ ಕಾಪಾಡಿಕೊಂಡರು.

ಅವನ್ನು ಹುಡುಕಿ ಅಚ್ಚಿಗೆ ತಂದವರಲ್ಲಿ ಮುಖ್ಯರು ವಿಜಯಪುರದ ವಕೀಲರು ಫ.ಗು. ಹಳಕಟ್ಟಿಯವರು. 1912ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕ್ ಕಟ್ಟಿದ್ದ ಇವರಿಗೆ ವ್ಯವಹಾರ ಗೊತ್ತಿತ್ತು. 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಹೊರಗೆ ಬಂತು. 1925ರಲ್ಲಿ ಸ್ವಂತ ಮನೆ ಮಾರಿ ‘ಹಿತಚಿಂತಕ’ ಅನ್ನುವ ಸಣ್ಣ ಪ್ರೆಸ್ ಹಾಕಿದರು, ಮರುವರ್ಷ ‘ಶಿವಾನುಭವ’ ಪತ್ರಿಕೆ ಶುರು ಮಾಡಿದರು. ತೇಪೆ ಹಚ್ಚಿದ ಕೋಟು, ಒಂದು ಸೈಕಲ್, ಇದೇ ಅವರ ಠೀವಿ ಅಂತ ನಮ್ಮ ಕಡೆಯ ಹಿರಿಯರು ಇವತ್ತಿಗೂ ಹೇಳ್ತಾರ. ಪ್ರೆಸ್ಸಿನಿಂದ ಹೊರಬಂದ ಪುಸ್ತಕದಲ್ಲಿ ಏನಿತ್ತೋ, ನಡೆಸುವವರ ಬದುಕಿನಲ್ಲೂ ಅದೇ ಇತ್ತು.

ಈಗ ನಿಮ್ಮ ಅಂಗಡಿಗೆ ಬರೋಣ. ಗಿರಾಕಿ 50 ರೂಪಾಯಿ ಬದಲು ತಪ್ಪಿ 500 ಯುಪಿಐ ಮಾಡಿ ಹೋದ ಅಂತ ಇಟ್ಕೊಳ್ರಿ. ಅವತ್ತೇ ಫೋನ್ ಮಾಡಿ, ಹುಡುಗರ ಎದುರಿಗೇ ವಾಪಸ್ ಕಳಿಸ್ರಿ. ಆ 450 ರೂಪಾಯಿ ಕಲಿಸಿದ್ದನ್ನು ಯಾವ ಟ್ರೇನಿಂಗೂ ಕಲಿಸೋದಿಲ್ಲ. ಪಗಾರದ ದಿನ, ಕೆಲಸದ ತಾಸು, ರಜೆ ಇವನ್ನು ಬಾಯಿಮಾತಿಗೆ ಬಿಡದೆ ಒಂದು ಹಾಳೆಯ ಮೇಲೆ ಬರೆದಿಡ್ರಿ, ಬರೆದದ್ದು ಉಳೀತದ. ಮತ್ತ ಎಲ್ಲಕ್ಕಿಂತ ಸಣ್ಣ ಪಗಾರದ ಹುಡುಗ, ಅಣ್ಣಾರ, ಈ ತೂಕ ಸರಿ ಇಲ್ಲ ಅಂದಾಗ ನೀವು ಏನು ಮಾಡ್ತೀರಿ ಅನ್ನೋದನ್ನ ಉಳಿದ ಮೂರು ಮಂದಿ ನೋಡ್ತಿರ್ತಾರ. ಅವನನ್ನು ಗದರಿಸಿದರೆ, ಅಲ್ಲಿಗೆ ಎಲ್ಲರ ಬಾಯಿ ಮುಚ್ಚಿತು. ತಕ್ಕಡಿ ತಿರುಗಿ ನೋಡಿದರೆ, ನೀವು ಇಲ್ಲದಾಗಲೂ ಅಂಗಡಿ ಸರಿ ನಡೀತದ.

ಇವತ್ತಿಗೆ ಇಷ್ಟು. ಅಂಗಡಿ ಇಟ್ಟಿರುವ ಗೆಳೆಯರಿಗೆ ಇದನ್ನು ಕೇಳಿಸ್ರಿ, ಅಂಗಡಿಯಲ್ಲಿ ದುಡಿಯುವ ಗೆಳೆಯರಿಗೂ ಕೇಳಿಸ್ರಿ. ಶರಣು.